ಮುದ್ದೆ ಉಂಡು ಮುಗಿಸಿದ ಓಟ

ನಾನು ಮಂಡ್ಯದ ಹೈಸ್ಕೂಲಿಗೆ ಸೇರಿದ್ದು ಯುದ್ಧದ ಕಾಲದಲ್ಲಿ. ಮಂಡ್ಯ ಜಿಲ್ಲೆಯಾಗಿ ಹೆಚ್ಚು ದಿನ ಕಳೆದಿರಲಿಲ್ಲ. ನಮ್ಮ ಕಡೆಯವರು ಮೈಸೂರಿಗೆ ಹೋದರೂ ಸರಿ, ಮದುವೆಮನೆಗೆ ಹೋದರೂ ಸರಿ, "ನಮ್ದೂ ಈಗ ಒಂದ್ ಜಿಲ್ಲೆ ಕಣಪ್ಪ" ಎಂದು ಒಂದು ಸಲವಾದರೂ ಹೇಳದೆ ವಾಪಸು ಬರುತ್ತಿರಲಿಲ್ಲ. ನಮ್ಮ ಮನೆ ಯಲಿಯೂರಿನಲ್ಲಿ. ಅಲ್ಲಿಂದ ಸ್ಕೂಲಿಗೆ ನಾಲ್ಕು ಮೈಲಿಯಷ್ಟು ದೂರ. ರೈಲೇನೋ ಇತ್ತು, ಆದರೆ ಅದು ಬರುವ ಹೊತ್ತಿಗೂ ಸ್ಕೂಲಿನ ಗಂಟೆಗೂ ತಾಳಮೇಳ ಇರಲಿಲ್ಲ. ಹಾಗಾಗಿ ರೈಲುಹಾದಿಯ ಪಕ್ಕದ ಗಾಡಿಜಾಡಿನಲ್ಲಿ ನಡೆದೇ ಹೋಗುತ್ತಿದ್ದೆ. ಬೇಸಗೆಯಲ್ಲಿ ನಡಿಗೆ, ಮಳೆಗಾಲದಲ್ಲಿ ಓಟ. ಮಳೆಯಲ್ಲಿ ನಡೆದರೂ ನೆನೆಯುತ್ತೇವೆ, ಓಡಿದರೂ ನೆನೆಯುತ್ತೇವೆ. ಓಡಿದರೆ ಬೇಗ ಮುಗಿಯುತ್ತದೆ ಎನ್ನುವುದಷ್ಟೇ ನನ್ನ ತರ್ಕ. ಪುಸ್ತಕಗಳನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಬಿಗಿದು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಮೊಣಕಾಲವರೆಗೆ ಕೆಸರು ಮೆತ್ತಿಸಿಕೊಂಡು ಸ್ಕೂಲು ಮುಟ್ಟುತ್ತಿದ್ದೆ.

ಹಾಗೆ ಮುಟ್ಟಿದ ಒಂದು ದಿನ ಡ್ರಿಲ್ ಮೇಷ್ಟ್ರ ಕಣ್ಣಿಗೆ ಬಿದ್ದೆ. ಅವರು ಆ ವರ್ಷವೇ ಬಂದವರು. ಹಿಂದೆ ಪಟಾಲಮ್ಮಿನಲ್ಲಿ ಸಿಪಾಯಿಯಾಗಿದ್ದರು. ಹುರಿ ಮಾಡಿದ ಮೀಸೆ, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ. ನಗುವುದನ್ನು ನಾವು ಯಾರೂ ಕಂಡಿರಲಿಲ್ಲ. ವರಾಂಡದಲ್ಲಿ ನಿಂತು ನಾನು ಕೊಪ್ಪೆ ಹಿಂಡುವುದನ್ನೇ ನೋಡುತ್ತಿದ್ದವರು ಹತ್ತಿರ ಕರೆದರು.

"ಎಲ್ಲಿಂದ ಓಡ್ಕೊಂಡು ಬಂದೆ?"

"ಯಲಿಯೂರಿಂದ ಸಾರ್."

"ಪೂರ್ತಿ?"

"ಹಳ್ಳ ದಾಟೋವಾಗ ಮಾತ್ರ ನಡೆದೆ ಸಾರ್."

ಅವರು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ವೈದ್ಯರ ಹಾಗೆ ಮೇಲೆ ನೋಡುತ್ತ ತುಟಿ ಅಲ್ಲಾಡಿಸಿದರು. ಆಮೇಲೆ, "ನಾಳೆ ಬೆಳಿಗ್ಗೆ ಗಂಟೆ ಹೊಡೆಯೋಕೆ ಮುಂಚೆ ಮೈದಾನಕ್ಕೆ ಬಾ" ಎಂದು ಹೇಳಿ ಹೊರಟುಹೋದರು. ವರಾಂಡಕ್ಕೆ ಕೆಸರು ಮಾಡಿದ್ದಕ್ಕೆ ಶಿಕ್ಷೆ ಇರಬೇಕು ಎಂದುಕೊಂಡು ನಾನು ಆ ದಿನವೆಲ್ಲ ಸರಿಯಾಗಿ ಪಾಠ ಕೇಳಲಿಲ್ಲ.

ಶಿಕ್ಷೆಯಲ್ಲ. ಮೈಸೂರಿನಲ್ಲಿ ಹೈಸ್ಕೂಲುಗಳ ಆಟೋಟ ನಡೆಯುವುದಿತ್ತು. ದೂರದ ಓಟಕ್ಕೆ ನಮ್ಮ ಸ್ಕೂಲಿನಿಂದ ಒಬ್ಬನನ್ನು ಕಳಿಸಬೇಕಿತ್ತು. ಆ ಒಬ್ಬ ಯಾರು ಎಂದು ತೀರ್ಮಾನಿಸಲು ಮೇಷ್ಟ್ರು ಒಂದು ಪಂದ್ಯ ಇಟ್ಟಿದ್ದರು: ಸ್ಕೂಲಿನಿಂದ ಯಲಿಯೂರು ಸ್ಟೇಷನ್ನಿಗೆ ಹೋಗಿ, ಅಲ್ಲಿ ಸ್ಟೇಷನ್ ಮಾಸ್ತರರ ಕೈಯಲ್ಲಿ ಅಂಗೈಗೆ ಮುದ್ರೆ ಹೊಡೆಸಿಕೊಂಡು, ಮತ್ತೆ ಸ್ಕೂಲಿಗೆ ಬರುವುದು. ದೊಡ್ಡ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಓಡಾಡುತ್ತಿದ್ದುದರಿಂದ ಗಾಡಿಜಾಡಿನಲ್ಲೇ ಓಡಬೇಕು. ಅಂದರೆ ನಾನು ದಿನಾ ನಡೆಯುವ ದಾರಿ, ನಮ್ಮ ಮನೆ ಬಾಗಿಲ ಮುಂದೆಯೇ ಹಾದುಹೋಗುವ ದಾರಿ.

ಓಡುವುದಕ್ಕೆ ಒಪ್ಪಿದವರು ನಾಲ್ಕು ಜನ. ಒಬ್ಬ ನಾನು. ಇನ್ನೊಬ್ಬ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವನು, ಹಾಸ್ಟೆಲಿನಲ್ಲಿದ್ದ. ಸಣಕಲ, ನನಗಿಂತ ಒಂದು ಗೇಣು ಎತ್ತರ, ಮಾತು ಕಡಿಮೆ. ಮೂರನೆಯವನು ಮದ್ದೂರಿನವನು, ದಿನಾ ರೈಲಿನಲ್ಲಿ ಬರುತ್ತಿದ್ದ; ಆ ಕಡೆಯ ರೈಲು ಸ್ಕೂಲಿನ ಗಂಟೆಗೆ ಹೊಂದುತ್ತಿತ್ತು. ಅವನಿಗೆ ಓಟಕ್ಕಿಂತ ಓಟದ ನೆಪದಲ್ಲಿ ಗಣಿತದ ತರಗತಿ ತಪ್ಪುವುದು ಮುಖ್ಯವಾಗಿತ್ತು. ನಾಲ್ಕನೆಯವನು ಸಕ್ಕರೆ ಕಾರ್ಖಾನೆಯ ಗುಮಾಸ್ತರ ಮಗ. ನಮ್ಮ ಪೈಕಿ ಬೂಟು ಇದ್ದದ್ದು ಅವನಿಗೊಬ್ಬನಿಗೇ, ಬಿಳಿ ಕ್ಯಾನ್ವಾಸಿನದು. ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ; ಪೂರಿಗಾಲಿ, ಮದ್ದೂರು, ಯಲಿಯೂರು, ಬೂಟು, ಇಷ್ಟೇ.

"ಮಳೆ ಬಂದ್ರೆ ಪ್ರಾಕ್ಟೀಸ್ ಇಲ್ವಾ ಸಾ?" ಎಂದು ಮದ್ದೂರಿನವನು ಆಸೆಯಿಂದ ಕೇಳಿದ್ದಕ್ಕೆ ಮೇಷ್ಟ್ರು, "ಮಳೆ ಬಂದ್ರೇನೇ ಪ್ರಾಕ್ಟೀಸು. ಬಿಸಿಲಲ್ಲಿ ನಾಯೀನೂ ಓಡ್ತದೆ" ಎಂದರು.

ಶನಿವಾರ ಭಾನುವಾರ ಊರಲ್ಲೇ ಓಡಿ ಅಭ್ಯಾಸ ಮಾಡಬೇಕೆಂದು ಅಪ್ಪಣೆಯಾಗಿತ್ತು. ಮೊದಲ ಭಾನುವಾರ ಬೆಳಿಗ್ಗೆ ಸೋನೆ ಹಿಡಿದಿತ್ತು. ನಾನು ಚಡ್ಡಿ ಬನಿಯನ್ನಿನಲ್ಲಿ ಬೀದಿಗಿಳಿದು ಓಡತೊಡಗಿದೆ. ಆ ಕಾಲದಲ್ಲಿ ನಮ್ಮೂರಲ್ಲಿ ಕಾರಣವಿಲ್ಲದೆ ಯಾರೂ ಓಡುತ್ತಿರಲಿಲ್ಲ. ಓಡಿದರೆ ಎತ್ತು ಕಿತ್ತುಕೊಂಡು ಹೋಗಿರಬೇಕು, ಇಲ್ಲವೇ ನಾಲೆಗೆ ಯಾರೋ ಬಿದ್ದಿರಬೇಕು. ಪಕ್ಕದ ಮನೆಯ ದೊಡ್ಡಪ್ಪ ಹಲ್ಲುಜ್ಜುತ್ತಿದ್ದವರು ಬೇವಿನ ಕಡ್ಡಿ ಬಿಸಾಕಿ ದೊಣ್ಣೆ ಹಿಡಿದು ನನ್ನ ಹಿಂದೆ ಬಂದರು. ಅವರನ್ನು ನೋಡಿ ಇನ್ನಿಬ್ಬರು, ಅವರನ್ನು ನೋಡಿ ಮತ್ತೊಂದಿಷ್ಟು ಜನ. ಒಬ್ಬರ ಕೈಯಲ್ಲಿ ಹಗ್ಗವೂ ಇತ್ತು. ಹಿಂದೆ ದಡದಡ ಸದ್ದಾಗುತ್ತಿದ್ದುದನ್ನು ಕೇಳಿ ನಾನು ಹೆದರಿ ಇನ್ನೂ ಜೋರಾಗಿ ಓಡಿದೆ. ನಾಲೆಯ ಸೇತುವೆ ಹತ್ತಿರ ದೊಡ್ಡಪ್ಪ ನನ್ನ ಭುಜ ಹಿಡಿದು ನಿಲ್ಲಿಸಿದಾಗ ಎಲ್ಲರೂ ಏದುಸಿರು ಬಿಡುತ್ತಿದ್ದೆವು.

"ಎಲ್ಲದ್ಲಾ? ಎಲ್ಲಿ?"

"ಏನು ದೊಡ್ಡಪ್ಪಾ?"

"ಏನೋ ನಂಗೇನ್ಲಾ ಗೊತ್ತು? ಓಡ್ತಾ ಇರೋನು ನೀನು!"

"ಏನೂ ಇಲ್ಲ ದೊಡ್ಡಪ್ಪಾ. ಸುಮ್ನೆ ಓಡ್ತಿದ್ದೆ."

"ಸುಮ್ನೆ?" ಅವರು ಉಳಿದವರ ಮುಖ ನೋಡಿದರು. "ಮಳೇಲಿ? ಸುಮ್ನೆ?"

ಹಗ್ಗ ಹಿಡಿದಿದ್ದವರು ಅದನ್ನು ನಿಧಾನವಾಗಿ ಸುತ್ತಿಕೊಂಡು ಹೆಗಲಿಗೆ ಹಾಕಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಎಲ್ಲರೂ ನನ್ನನ್ನು ಕಾಯಿಲೆಯವನನ್ನು ನೋಡುವ ಹಾಗೆ ನೋಡುತ್ತ, ನನ್ನ ಎರಡೂ ಪಕ್ಕದಲ್ಲಿ ನಡೆದು ಮನೆ ತಲುಪಿಸಿದರು. "ನಿನ್ ಮಗನ್ನ ವಸಿ ನೋಡ್ಕಳಪ್ಪ" ಎಂದು ಅಪ್ಪನಿಗೆ ಹೇಳಿ ಹೋದರು.

ಅಜ್ಜಿ, ಎಂದರೆ ಅಪ್ಪನ ತಾಯಿ, ತಕ್ಷಣ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಎತ್ತರದ ಗಟ್ಟಿ ಹೆಂಗಸು ಅವಳು. ನಾಲೆಯ ಆಚೆ ದಡದಲ್ಲಿ ಮೇಯುವ ಎಮ್ಮೆ ಈಚೆ ದಡದಿಂದ ಅವಳು ಕೂಗಿದರೆ ತಲೆಯೆತ್ತುತ್ತಿತ್ತು. ಅಪ್ಪ ಮಾತ್ರ ಪಂದ್ಯದ ಸಂಗತಿಯನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು. ಕೊನೆಗೆ ಹೇಳಿದರು:

"ಓಡೋದಾದ್ರೆ ಬೀದೀಲಿ ಯಾಕ್ಲಾ ಓಡ್ತೀಯೆ? ಗದ್ದೆ ಬದ ಇಡ್ಕಂಡು ಓಡು. ಅಂಗೇ ಕೆಳಗಡೆ ಗದ್ದೇಲಿ ನೀರು ಜಾಸ್ತಿ ನಿಂತದಾ ನೋಡ್ಕಂಡು, ತೂಬು ವಸಿ ಬುಟ್ಟು ಬಾ."

ಅಲ್ಲಿಂದ ಮುಂದೆ ನನ್ನ ಅಭ್ಯಾಸಕ್ಕೆ ಊರಲ್ಲಿ ಒಂದು ಅರ್ಥ ಬಂತು. ಮಳೆ ಬಂದರೆ ಅಪ್ಪನೇ ನನ್ನನ್ನು ಎಬ್ಬಿಸುತ್ತಿದ್ದರು. ದೊಡ್ಡಪ್ಪನೂ ಜಗುಲಿಯ ಮೇಲಿಂದ ಕೂಗಿ, "ಓಯ್ತಾ ನಮ್ ಗದ್ದೆ ನೀರೂ ನೋಡ್ಲಾ" ಎನ್ನುವಂತಾದರು. ಗದ್ದೆಯ ಬದುವೆಂದರೆ ಒಂದೇ ಒಂದು ಪಾದ ಹಿಡಿಸುವಷ್ಟು ಅಗಲ. ಮಳೆಗೆ ನೆನೆದರೆ ಬೆಣ್ಣೆ ಸವರಿದ ಹಾಗೆ. ಎಷ್ಟೋ ಸಲ ಬದುವಿನಿಂದ ಜಾರಿ ನಾಟಿಯೊಳಕ್ಕೆ ಕೂತಿದ್ದೇನೆ. ಆದರೆ ದಿನ ಕಳೆದಂತೆ ಬೆರಳುಗಳು ತಾವಾಗಿಯೇ ಮಣ್ಣು ಕಚ್ಚುವುದನ್ನು ಕಲಿತವು. ಮುಖಕ್ಕೆ ಮಳೆ ರಾಚುತ್ತಿದ್ದರೆ, ಎರಡೂ ಕಡೆ ಹಸಿರು ಬತ್ತ ಬಾಗಿ ಏಳುತ್ತಿದ್ದರೆ, ಕಪ್ಪೆಗಳು ಕಾಲ ಸಪ್ಪಳಕ್ಕೆ ಪುಳಕ್ ಪುಳಕ್ ಎಂದು ನೀರಿಗೆ ಹಾರುತ್ತಿದ್ದರೆ, ನನಗೆ ಎಲ್ಲಿಲ್ಲದ ಖುಷಿ. ಒಬ್ಬನೇ ಜೋರಾಗಿ ಕೂಗುತ್ತಿದ್ದೆ. ಮಳೆಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ಪಂದ್ಯದ ದಿನ ಬಂತು. ಚಿತ್ತೆ ಮಳೆ ಹುಟ್ಟಿತ್ತು. ಬೆಳಿಗ್ಗೆ ಬಿಸಿಲಿತ್ತು, ಮಧ್ಯಾಹ್ನಕ್ಕೆ ಮೋಡ ಕಟ್ಟಿತು. ಹೆಡ್ಮಾಸ್ತರು ವರಾಂಡದಿಂದ ಆಕಾಶ ನೋಡಿ, "ಇನ್ನೊಂದು ದಿನ ಇಟ್ಕೊಂಡ್ರೆ ಹೇಗೆ?" ಎಂದರು. ಡ್ರಿಲ್ ಮೇಷ್ಟ್ರು ಅಟೆನ್ಷನ್ನಿನಲ್ಲಿ ನಿಂತು, "ಹುಡುಗರು ತಯಾರಾಗಿದ್ದಾರೆ ಸಾರ್" ಎಂದರು. ಸ್ಕೂಲಿನ ಹುಡುಗರೆಲ್ಲ ಬೇಲಿಯ ಉದ್ದಕ್ಕೂ ನಿಂತು ಕೇಕೆ ಹಾಕಿದರು. ಸೀಟಿ ಊದುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಕಾರ್ಖಾನೆ ದಾಟುವವರೆಗೆ ನಾಲ್ಕೂ ಜನ ಒಟ್ಟಿಗೇ ಇದ್ದೆವು. ಕಬ್ಬಿನ ಗಾಡಿಗಳ ಸಾಲು ನಿಂತಿತ್ತು, ಗಾಡಿಯವರು ಗಾಡಿಯ ಕೆಳಗೆ ಮಳೆಗೆ ಮರೆಯಾಗಿ ಕೂತು ನಮ್ಮನ್ನು ನೋಡಿ ನಗುತ್ತಿದ್ದರು. ಅಲ್ಲಿಂದಾಚೆ ಗಾಡಿಜಾಡು ಸಿಕ್ಕಿತು. ಕೆಸರು ಶುರುವಾದದ್ದೇ ಬೂಟಿನವನು ಹಿಂದೆ ಬಿದ್ದ; ಅವನ ಒಂದೊಂದು ಬೂಟೂ ಒಂದೊಂದು ಮಣ್ಣಿನ ಮುದ್ದೆಯಾಗಿತ್ತು. ಮದ್ದೂರಿನವನು ಅವನಿಗೆ ಜೊತೆಯಾಗಿ ಮಾತಾಡುತ್ತ ಬರುತ್ತಿದ್ದ. ಮುಂದೆ ನಾನು, ನನ್ನ ಹೆಗಲ ಹಿಂದೆ ಪೂರಿಗಾಲಿ. ಅವನ ಉಸಿರು ಒಂದೇ ಸಮ, ತಿದಿ ಒತ್ತಿದ ಹಾಗೆ. ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರಿತ್ತು, ಚಿಮ್ಮಿಸಿಕೊಂಡು ದಾಟಿದೆವು.

ಸ್ಟೇಷನ್ನಿನಲ್ಲಿ ಮಾಸ್ತರರು ಮುದ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನನ್ನ ಅಂಗೈಗೊಂದು, ಪೂರಿಗಾಲಿಯ ಅಂಗೈಗೊಂದು ನೇರಳೆ ಮುದ್ರೆ ಒತ್ತಿ, "ಬೇಗ ಹೋಗ್ರಪ್ಪಾ, ಜೋರು ಬರೋ ಹಾಗಿದೆ" ಎಂದರು. ನಾವು ತಿರುಗಿದೆವು. ಉಳಿದಿಬ್ಬರು ಇನ್ನೂ ಎದುರಿನಿಂದ ಬರುತ್ತಿದ್ದರು.

ಊರಿನ ಬೀದಿಗೆ ಬರುವ ಹೊತ್ತಿಗೆ ಮಳೆಯ ಬಣ್ಣವೇ ಬದಲಾಗಿತ್ತು. ಹಗಲು ಕತ್ತಲಾಯಿತು. ಗಾಳಿ ಎದ್ದು ತೆಂಗಿನ ಗರಿಗಳನ್ನೆಲ್ಲ ಒಂದೇ ಕಡೆಗೆ ಬಾಚಿತು. ಆಲಿಕಲ್ಲು ಬೀಳತೊಡಗಿ ತಲೆಬುರುಡೆಗೆ ಠಕ್ಕೆಂದು ಹೊಡೆಯುತ್ತಿದ್ದವು. ಆ ಮಬ್ಬಿನಲ್ಲಿ ನಮ್ಮ ಮನೆಯ ಮುಂದೆ, ಬೀದಿಯ ನಟ್ಟನಡುವೆ, ತಲೆಯ ಮೇಲೆ ಮೊರ ಹಿಡಿದು ಯಾರೋ ನಿಂತಿದ್ದು ಕಾಣಿಸಿತು. ಅಜ್ಜಿ.

"ನಿಂತ್ಕಳ್ಲಾ!"

"ಅಜ್ಜೀ ಬುಡು! ಪಂದ್ಯ ಕಣಜ್ಜೀ!"

ನಾನು ಪಕ್ಕಕ್ಕೆ ಸರಿದೆ, ಅವಳೂ ಪಕ್ಕಕ್ಕೆ ಸರಿದಳು. ಮೊರ ಎಸೆದು ನನ್ನ ರಟ್ಟೆ ಹಿಡಿದಳು. ಪೂರಿಗಾಲಿ ನಮ್ಮಿಬ್ಬರನ್ನೂ ಬಳಸಿಕೊಂಡು ಮುಂದೆ ಹೋಗಿಬಿಟ್ಟ.

"ನೋಡು, ಅವ್ನು ಓದ! ಬುಡಜ್ಜೀ!"

"ಸಿಡ್ಲಿಗೆ ಏನ್ಲಾ ಗೊತ್ತು ನಿನ್ ಪಂದ್ಯ?" ಎಂದವಳೇ ಎಮ್ಮೆ ಕರೆಯುವ ಗಂಟಲಿನಲ್ಲಿ, "ಏಯ್ ಉದ್ದನ್ ಉಡ್ಗಾ! ಬಾರ್ಲಾ ಇಂದಕ್ಕೆ!" ಎಂದು ಕೂಗಿದಳು.

ಪೂರಿಗಾಲಿ ತಿರುಗಿ ನೋಡಿದ. ಅದೇ ಹೊತ್ತಿಗೆ ಆಕಾಶವೆಲ್ಲ ಬೆಳ್ಳಗಾಗಿ, ಬೀದಿಯ ಕೊನೆಯಲ್ಲಿದ್ದ ತೆಂಗಿನ ಮರದ ತಲೆಗೆ ಸಿಡಿಲು ಬಡಿಯಿತು. ಅಂಥ ಸದ್ದನ್ನು ನಾನು ಆಮೇಲೆ ಕೇಳಿಲ್ಲ. ಅಷ್ಟು ಮಳೆಯಲ್ಲೂ ಮರದ ಸುಳಿ ಪಂಜಿನ ಹಾಗೆ ಹತ್ತಿಕೊಂಡಿತು. ಪೂರಿಗಾಲಿ ಅವತ್ತು ಓಡಿದ್ದರಲ್ಲೆಲ್ಲ ಅತಿ ವೇಗದ ಓಟವೆಂದರೆ ಅಲ್ಲಿಂದ ನಮ್ಮ ಮನೆ ಬಾಗಿಲಿಗೆ ಓಡಿದ್ದು.

ಸ್ವಲ್ಪ ಹೊತ್ತಿಗೆ ಉಳಿದಿಬ್ಬರೂ ಮುದ್ರೆ ಹೊಡೆಸಿಕೊಂಡು ಬಂದರು. ಅವರನ್ನೂ ಅಜ್ಜಿ ಬೀದಿಯಲ್ಲೇ ಹಿಡಿದು ಒಳಗೆ ತಳ್ಳಿದಳು. ಬೂಟಿನವನಿಗೆ ಒಂದೇ ಬೂಟಿತ್ತು. ಇನ್ನೊಂದು ಕೆಸರಿನಲ್ಲಿ ಎಲ್ಲೋ ಇಳಿದುಹೋಗಿತ್ತು. ಅಳುವುದಕ್ಕೆ ಸಿದ್ಧವಾಗಿದ್ದ. ಅಜ್ಜಿ ಅವನ ತಲೆಯನ್ನು ಟವಲಿನಿಂದ ಗಸಗಸ ಒರೆಸುತ್ತ, "ಒಂದ್ ಕಾಲಿಗೆ ಆಕ್ಕಂಡು ಏನ್ಲಾ ಮಾಡೀಯೆ, ಅದ್ನೂ ತಗ್ದಾಕು, ಕಾಲು ಅಗುರಾಯ್ತದೆ" ಎಂದಳು. ನಾಲ್ವರಿಗೂ ಅಪ್ಪನ ಪಂಚೆ, ಅಜ್ಜಿಯ ಹಳೇ ಸೀರೆ ಹೀಗೆ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಳ್ಳಲು ಕೊಟ್ಟು, ಒದ್ದೆ ಬನಿಯನ್ನುಗಳನ್ನು ಒಲೆಯ ಮೇಲಿನ ಗಳಕ್ಕೆ ಹರವಿದಳು. ನಾವು ಒಲೆಯ ಸುತ್ತ ಕೂತೆವು. ಹೊರಗೆ ಹೆಂಚಿನ ಮೇಲೆ ಆಲಿಕಲ್ಲು ಕಡಲೆ ಹುರಿದ ಹಾಗೆ ಸದ್ದು ಮಾಡುತ್ತಿತ್ತು.

ಅವ್ವ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಅಜ್ಜಿ ಮುದ್ದೆಗೆ ಎಸರಿಡಲು ಹೇಳಿದಾಗ ನಾನು ಬೇಡವೆಂದು ಕೈಮುಗಿದೆ.

"ಇನ್ನೂ ಅರ್ಧ ದಾರಿ ಓಡ್ಬೇಕಜ್ಜಿ. ಮುದ್ದೆ ಉಂಡು ಎಂಗೆ ಓಡೋದು?"

"ಉಣ್ದೆ ಎಂಗ್ಲಾ ಓಡ್ತೀಯೆ? ನಿಮ್ಮಪ್ಪ ಉಂಡೇ ಒಲಕ್ಕೆ ಓಯ್ತಾನೆ, ಎತ್ತು ಮೇದೇ ಗಾಡಿ ಎಳೀತದೆ. ನಿಮ್ಗೇನು ಬ್ಯಾರೆ ಒಟ್ಟೆ ಕೊಟ್ಟವ್ನಾ ದ್ಯಾವ್ರು?"

ತಟ್ಟೆಯಲ್ಲಿ ಮುದ್ದೆ ಬಿತ್ತು. ಹಬೆಯಾಡುತ್ತಿತ್ತು. ಮದ್ದೂರಿನವನು ಯಾವ ತಕರಾರೂ ಇಲ್ಲದೆ ಮೊದಲ ತುತ್ತು ಮುರಿದ. ಪೂರಿಗಾಲಿ ಸಾರಿಗೆ ಅದ್ದಿ ನುಂಗಿದವನು ಹಾಗೇ ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡುತ್ತ ಕೂತ. ಏನಾಯಿತೋ ಎಂದು ಅಜ್ಜಿ ಬಗ್ಗಿದಳು.

"ಖಾರವೇನ್ಲಾ ಮಗಾ?"

"ಇಲ್ಲ ಅಜ್ಜಿ. ಬ್ಯಾಸ್ಗೆ ರಜದಲ್ಲಿ ಊರಿಗೆ ಓಗಿದ್ದು. ಹಾಸ್ಟೆಲ್ ಮುದ್ದೇಲಿ ಗಂಟೇ ಜಾಸ್ತಿ. ನಮ್ಮವ್ವನೂ ಹಿಂಗೇ ಮಾಡ್ತದೆ."

ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾವು ಮೂವರೂ ಅವತ್ತೇ ಮೊದಲು ಕೇಳಿದ್ದು. ಅಜ್ಜಿ ಇನ್ನೊಂದು ಮುದ್ದೆ ಅವನ ತಟ್ಟೆಗೆ ಹಾಕಿ, ಅದರ ಮೇಲೆ ತುಪ್ಪ ಬಿಟ್ಟಳು. ನನಗೆ ತುಪ್ಪ ಇರಲಿಲ್ಲ.

ಆಲಿಕಲ್ಲು ನಿಂತು, ಗುಡುಗು ದೂರಕ್ಕೆ ಸರಿದು, ಬರೀ ಮಳೆ ಉಳಿಯಿತು. ಬನಿಯನ್ನು ಹಾಕಿಕೊಂಡು ಬಾಗಿಲಿಗೆ ಬಂದಾಗ ತಕರಾರು ಶುರುವಾಯಿತು. ಇಲ್ಲಿಂದ ಯಾರು ಮೊದಲು ಹೊರಡಬೇಕು? ನಾನು ಸ್ಟೇಷನ್ನಿನಿಂದ ಇಲ್ಲಿಯವರೆಗೆ ಮುಂದಿದ್ದೆ ಎಂದೆ. ನೀನು ನಿಂತಾಗ ನಾನು ದಾಟಿದ್ದೆ ಎಂದ ಪೂರಿಗಾಲಿ. "ಎಲ್ರೂ ಒಟ್ಗೇ ಓಡವ, ಆಗ ನಾನೂ ಮೊದ್ಲನೇವ್ನೇ" ಎಂದ ಮದ್ದೂರು. ಬೂಟಿನವನು ರೈಲು ಎಷ್ಟು ಹೊತ್ತಿಗೆ ಎಂದು ಅಪ್ಪನನ್ನು ಮೆಲ್ಲಗೆ ವಿಚಾರಿಸುತ್ತಿದ್ದ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಹೊಸ್ತಿಲಲ್ಲಿ ನಿಂತಳು.

"ಇವ್ನ್ನ ಇಡ್ದಿದ್ದು ನಾನು. ಅವ್ನು ಮುಂದಕ್ಕೆ ಓಗಿದ್ದ, ನಾನ್ ಕರುದ್ರೆ ಇಂದಕ್ಕೆ ಬಂದ. ಅದ್ಕೇ ಅವ್ನೇ ಮೊದ್ಲು. ಅವ್ನು ಆ ತೆಂಗಿನ್ ಮರ ದಾಟ್ದ ಮ್ಯಾಲೆ ಇವ್ನು. ಆಮ್ಯಾಕೆ ನೀವಿಬ್ರು."

"ಅಜ್ಜೀ, ನಾನು ನಿನ್ ಮೊಮ್ಮಗ ಕಣಜ್ಜಿ!"

"ಅದ್ಕೇ ಏಳ್ತಿರೋದು, ಸುಮ್ಕಿರ್ಲಾ."

ಪೂರಿಗಾಲಿ ಅವಳ ಕಾಲು ಮುಟ್ಟಿ ಓಡಿದ. ನಾನು ಅವಳ ಕೈಯಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದೆ. ಸುಟ್ಟ ತೆಂಗಿನ ಮರ ಇನ್ನೂ ಹೊಗೆಯಾಡುತ್ತಿತ್ತು. ಅವನು ಅದನ್ನು ದಾಟಿದ ಮೇಲೆಯೇ ರಟ್ಟೆ ಬಿಟ್ಟಳು.

ಮುದ್ದೆ ಹೊಟ್ಟೆಯಲ್ಲಿ ಕೂತಿತ್ತು. ಮೊದಲ ಒಂದು ಹತ್ತು ನಿಮಿಷ ಅದು ನನ್ನ ಜೊತೆಗೆ ಬೇರೆಯಾಗಿಯೇ ಓಡುತ್ತಿರುವ ಹಾಗಿತ್ತು. ನಾನು ಕೆಳಗೆ ಬಂದರೆ ಅದು ಮೇಲೆ, ನಾನು ಮೇಲೆ ಹೋದರೆ ಅದು ಕೆಳಗೆ. ಆಮೇಲೆ ಎಲ್ಲವೂ ಒಂದು ಲಯಕ್ಕೆ ಬಂತು. ಮೈಯೊಳಗೆ ಬೆಚ್ಚಗೆ, ಹೊರಗೆ ತಣ್ಣಗೆ. ದಾರಿಯುದ್ದಕ್ಕೂ ಆಲಿಕಲ್ಲು ಬಿಳಿಯಾಗಿ ಚೆಲ್ಲಿ ಅಂಗಾಲಿಗೆ ಕಚಗುಳಿ ಇಡುತ್ತಿತ್ತು. ಅವನನ್ನು ಹಿಡಿಯುತ್ತೇನೆ ಎನ್ನುವ ನಂಬಿಕೆ ಬಂತು.

ಹಿಡಿದದ್ದು ಹಳ್ಳದ ದಡದಲ್ಲಿ. ಹೋಗುವಾಗ ಪಾದ ಮುಳುಗುತ್ತಿದ್ದ ಹಳ್ಳ ಈಗ ಕೆಂಪಗೆ ಮೊರೆಯುತ್ತಿತ್ತು. ಮುರಿದ ಕೊಂಬೆ, ಬತ್ತದ ಪೈರು, ಯಾರದೋ ಮನೆಯ ಮಂಕರಿ ಬುಟ್ಟಿ ಎಲ್ಲ ತೇಲಿ ಹೋಗುತ್ತಿದ್ದವು. ಪೂರಿಗಾಲಿ ದಡದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದ.

"ನಂಗೆ ಈಜು ಬರಕಿಲ್ಲ ಕಣ್ಲಾ" ಎಂದ.

ನನಗೆ ಬರುತ್ತಿತ್ತು. ಸ್ವಲ್ಪ ಮೇಲಕ್ಕೆ ಹೋದರೆ ನೀರು ಅಗಲವಾಗಿ ಹರಡಿ ಆಳ ಕಡಿಮೆಯಾಗುವ ಜಾಗ ಇರುವುದೂ ಗೊತ್ತಿತ್ತು. ವರ್ಷಗಟ್ಟಲೆ ಅದೇ ಹಳ್ಳ ದಾಟಿದವನು. ಅವನನ್ನು ಅಲ್ಲೇ ಬಿಟ್ಟು ಹೋಗುವ ಯೋಚನೆ ಬರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಬಂತು, ಆದರೆ ನಿಲ್ಲಲಿಲ್ಲ. ಆ ನೀರಿಗೆ ಒಬ್ಬನೇ ಇಳಿಯಲು ನನಗೂ ಧೈರ್ಯವಿರಲಿಲ್ಲ. "ಆ ಇಬ್ರೂ ಬರ್ಲಿ ಇರು" ಎಂದೆ. ಇಬ್ಬರೂ ದಡದಲ್ಲಿ ಚಳಿಗೆ ಕುಣಿಯುತ್ತ ಕಾದೆವು. ಮದ್ದೂರು, ಬೂಟು ಇಬ್ಬರೂ ಬಂದ ಮೇಲೆ ನಾಲ್ವರೂ ಕೈ ಕೈ ಬಿಗಿಯಾಗಿ ಹಿಡಿದು, ನಾನು ಮುಂದಾಗಿ, ಮೇಲಿನ ಜಾಗದಲ್ಲಿ ಇಳಿದೆವು. ನೀರು ಸೊಂಟಕ್ಕೆ ಬಂತು. ನಡುವೆ ಮದ್ದೂರಿನವನ ಕಾಲು ಜಾರಿ ಒಂದು ಸಲ ಪೂರ್ತಿ ಮುಳುಗಿದ. ಪೂರಿಗಾಲಿ ಅವನ ಕೈ ಬಿಡದೆ ಎಳೆದು ನಿಲ್ಲಿಸಿದ. ಮೇಲೆ ಬಂದವನೇ ನೀರು ಉಗಿದು, "ಬಸ್ಸಾರೆಲ್ಲಾ ನೀರಾಗೋಯ್ತು" ಎಂದ. ಅಷ್ಟು ಹೆದರಿಕೆಯಲ್ಲೂ ನಾವು ಬಿದ್ದು ಬಿದ್ದು ನಕ್ಕೆವು. ನಗುನಗುತ್ತಲೇ ಆಚೆ ದಡ ಹತ್ತಿದೆವು.

ಹತ್ತಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ.

"ಇಲ್ಲಿಂದ" ಎಂದ ಪೂರಿಗಾಲಿ.

"ಇಲ್ಲಿಂದ" ಎಂದೆ ನಾನು.

ಓಡಿದೆವು. ಕಾರ್ಖಾನೆಯ ಬೆಲ್ಲದ ವಾಸನೆ ಮಳೆಯಲ್ಲಿ ನೆಲದ ಹತ್ತಿರವೇ ಹರಡಿತ್ತು. ಕಬ್ಬಿನ ಗಾಡಿಯವರು ಈ ಸಲ ಎದ್ದು ನಿಂತು ಕೂಗಿದರು. ಬೂಟಿಲ್ಲದ ಬೂಟಿನವನು ಆಶ್ಚರ್ಯವಾಗುವಂತೆ ನಮ್ಮ ಹಿಂದೆಯೇ ಇದ್ದ. ಸ್ಕೂಲಿನ ಬೇಲಿ ಕಾಣಿಸಿತು. ನಾನು ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಮುಂದೆ ನುಗ್ಗಿದೆ. ಪೂರಿಗಾಲಿ ಪಕ್ಕಕ್ಕೆ ಬಂದ. ಅವನ ಆ ಉದ್ದನೆಯ ಕಾಲು ಎರಡು ಹೆಜ್ಜೆ ಹಾಕುವಷ್ಟರಲ್ಲಿ ನಾನು ಮೂರು ಹಾಕಬೇಕಿತ್ತು. ಗೇಟಿನ ಹತ್ತಿರ ಅವನ ಬೆನ್ನು ಕಾಣಿಸಿತು, ಅಷ್ಟೇ.

ಬೇಲಿಯ ಹತ್ತಿರ ಒಬ್ಬ ಹುಡುಗನೂ ಇರಲಿಲ್ಲ. ಹೆಡ್ಮಾಸ್ತರೂ ಮನೆಗೆ ಹೋಗಿದ್ದರು. ಮೈದಾನದ ನಡುವೆ ಕೊಡೆ ಹಿಡಿದು ಡ್ರಿಲ್ ಮೇಷ್ಟ್ರು ಒಬ್ಬರೇ ನಿಂತಿದ್ದರು. ಗಾಳಿಗೆ ಕೊಡೆ ಉಲ್ಟಾ ಆಗಿ ಬಟ್ಟಲಿನ ಹಾಗೆ ನೀರು ಹಿಡಿಯುತ್ತಿತ್ತು. ಅವರಿಗೆ ಅದರ ಗಮನವೇ ಇರಲಿಲ್ಲ. ಖಾಕಿಯ ಇಸ್ತ್ರಿ ಕರಗಿಹೋಗಿತ್ತು. ಪೂರಿಗಾಲಿ ಬಂದ, ನಾನು ಬಂದೆ, ಬೂಟು ಬಂದ, ಮದ್ದೂರು ಬಂದ. ಅವರು ಪ್ರತಿಯೊಬ್ಬರ ತಲೆಯನ್ನೂ ಮುಟ್ಟಿ ನೋಡಿದರು. ಆಮೇಲೆ ಧ್ವನಿ ಗಟ್ಟಿ ಮಾಡಿಕೊಂಡರು.

"ಮುದ್ರೆ?"

ನಾಲ್ವರೂ ಅಂಗೈ ಚಾಚಿದೆವು. ಮುದ್ರೆಯ ಗುರುತೇ ಇರಲಿಲ್ಲ. ನೇರಳೆ ಶಾಯಿ ಬೆರಳ ಸಂದಿಯಲ್ಲೆಲ್ಲ ಇಳಿದು ಮೊಣಕೈವರೆಗೆ ಹರಿದಿತ್ತು. ಮದ್ದೂರಿನವನಿಗೆ ಮೂಗಿನ ಮೇಲೂ ಇತ್ತು.

"ಇಷ್ಟು ಹೊತ್ತು ಯಾಕಾಯ್ತು? ಸಿಡಿಲು ಬಡೀತೋ, ಹಳ್ಳ ಎಳ್ಕೊಂಡು ಹೋಯ್ತೋ ಅಂತ ನಾನಿಲ್ಲಿ..."

"ಊಟಕ್ಕೆ ಕೂತಿದ್ವಿ ಸಾ" ಎಂದ ಮದ್ದೂರು.

"ಏನಕ್ಕೆ?"

"ಊಟಕ್ಕೆ ಸಾ. ಮುದ್ದೆ, ಹುರುಳಿಕಾಳು ಬಸ್ಸಾರು. ಇವನ ಅಜ್ಜಿ ಬಿಡಲಿಲ್ಲ ಸಾ."

ಮೇಷ್ಟ್ರ ಮೀಸೆ ನಡುಗಿತು. ಕೋಪ ಎಂದುಕೊಂಡೆವು. ಅವರು ಕೊಡೆಯನ್ನು ನೆಲಕ್ಕೆ ಹಾಕಿ, ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿ, ಬಗ್ಗಿ ನಗತೊಡಗಿದರು. ನಿಲ್ಲಿಸಲು ನೋಡಿದರೂ ಆಗಲಿಲ್ಲ. ಕಣ್ಣಲ್ಲಿ ನೀರು ಬಂತೋ ಮಳೆಯೋ ಗೊತ್ತಾಗಲಿಲ್ಲ. ಆಮೇಲೆ ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡು, ಪೂರಿಗಾಲಿ ಗೆದ್ದಿದ್ದಕ್ಕೆ ಯಾರಿಗಾದರೂ ತಕರಾರಿದೆಯೇ ಎಂದರು. ಮೈಸೂರು ನನ್ನ ಕೈತಪ್ಪಿತ್ತು. ಆದರೆ ತಕರಾರಿರಲಿಲ್ಲ, ಹಾಗೇ ಹೇಳಿದೆ.

ಮೇಷ್ಟ್ರು ಮೈಸೂರಿಗೆ ನನ್ನನ್ನೂ ಕರೆದುಕೊಂಡು ಹೋದರು, ಜೊತೆಗೊಬ್ಬ ಇರಲಿ ಎಂದು. ಅಲ್ಲಿ ಸುಡು ಬಿಸಿಲು. ಮೈದಾನ ಒಣಗಿ ಬಿರುಕು ಬಿಟ್ಟಿತ್ತು. ಪೂರಿಗಾಲಿ ಚೆನ್ನಾಗಿಯೇ ಓಡಿ ನಾಲ್ಕನೆಯವನಾಗಿ ಬಂದ. ಬಂದು ನನ್ನ ಪಕ್ಕ ಕೂತು, "ನೆಲ ಕಾಲಿಗೆ ಅಂಟ್ಕಳದೇ ಇಲ್ಲ ಕಣ್ಲಾ, ಎಂಗೆ ಓಡೋದು?" ಎಂದು ದೂರಿದ. ಬಹುಮಾನ ಬರಲಿಲ್ಲವೆಂದು ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ಅರಮನೆಯ ದೀಪ ತೋರಿಸಿದರು, ದೋಸೆ ಕೊಡಿಸಿದರು.

ವಾಪಸು ಬರುವಾಗ ರೈಲಿನಲ್ಲಿ ಮೂವರೂ ನಿದ್ದೆ ಹೋದೆವು. ಎಚ್ಚರವಾದಾಗ ವಡೆ ಮಾರುವವನ ಕೂಗು ಕೇಳಿಸಿತು. ಮಂಡ್ಯ ಹಿಂದೆ ಉಳಿದು ಮದ್ದೂರು ಬಂದಿತ್ತು. ಮದ್ದೂರಿನವನ ಮನೆ ಹುಡುಕಿಕೊಂಡು ಹೋಗಿ ಮಲಗಿದೆವು. ಬೆಳಿಗ್ಗೆ ಎದ್ದರೆ ಸೋನೆಮಳೆ. ರೈಲಿಗೆ ಇನ್ನೂ ಹೊತ್ತಿತ್ತು. ಮೇಷ್ಟ್ರು ಆಕಾಶ ನೋಡಿದರು, ನಮ್ಮ ಮುಖ ನೋಡಿದರು, ಕೋಟಿನ ಗುಂಡಿ ಹಾಕಿಕೊಂಡರು.

"ಹನ್ನೆರಡು ಮೈಲಿ ತಾನೇ. ಓಡೋಣ."

ಓಡಿದೆವು, ಮೂವರೂ. ಅವರು ಓಡಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಬೆನ್ನು ನೆಟ್ಟಗೆ, ಮುಷ್ಟಿ ಬಿಗಿ, ಪರೇಡಿನ ಹಾಗೆ ಚೆನ್ನಾಗಿಯೇ ಓಡಿದರು. ದಾರಿಯಲ್ಲಿ ಗೆಜ್ಜಲಗೆರೆ ಊರು ಬರುವ ಹೊತ್ತಿಗೆ ಮುಖ ಕೆಂಪಾಗಿ ಒಂದು ಮರಕ್ಕೆ ಒರಗಿ ನಿಂತರು. ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಯೊಂದು ಬಂತು. ಗಾಡಿಯವನು, "ಅತ್ಕಳಿ ಸಾಮಿ" ಎಂದ. ಅವರು ಒಂದು ಕ್ಷಣ ಬಿಗುಮಾನದಿಂದ ಯೋಚಿಸಿ, ಹತ್ತಿ ಕಬ್ಬಿನ ಹೊರೆಯ ಮೇಲೆ ಕೂತರು. ಕೂತು ಒಂದು ಜಲ್ಲೆ ಎಳೆದುಕೊಂಡು ಸಿಗಿಯತೊಡಗಿದರು. ಪೂರಿಗಾಲಿಯೂ ನಾನೂ ಗಾಡಿಯ ಹಿಂದೆ ಮಳೆಯಲ್ಲಿ ಓಡುತ್ತಿದ್ದೆವು. ಎತ್ತುಗಳು ನಡೆಯುತ್ತ ಹೋದವು. ನಾವು ಗಾಡಿಯನ್ನು ದಾಟಿ ಮುಂದೆ ಹೋದೆವು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಅವರು ಹೊರೆಯ ಮೇಲಿಂದ ಜಲ್ಲೆ ಬೀಸಿ, ಇನ್ನೂ ಜೋರಾಗಿ ಓಡಿ ಎಂದು ಸನ್ನೆ ಮಾಡುತ್ತಿದ್ದರು.